ಗುತ್ತೂರಿನ ಬಸ್ಸಿಗೆ ಇಷ್ಟೊಂದು ಸ್ವಯಂಸೇವಕರು

ಪುಕ್ಕಟೆ ಕೆಲಸಕ್ಕೆ ಬಂದವರನ್ನು ಬೈಯಬಾರದು ಎಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಹೇಳುವವರು ಒಂದು ವಾರ ನನ್ನ ಜಾಗದಲ್ಲಿ ಕೂತು ನೋಡಲಿ. ಈ ಕೆಳಗಿನಂಥವು ಆಗದ ವಾರವೇ ಇಲ್ಲ.

ನಿಲ್ದಾಣದಲ್ಲಿ ಬಸ್ಸಿನ ವೇಳೆ ಬರೆದು ಹಾಕಿ ಎಂದು ಸಾರಿಗೆಯವರಿಗೆ ಮನವಿ ಕೊಟ್ಟು ಕೊಟ್ಟು ಸಾಕಾಗಿತ್ತು. ವಿನೋಬನಗರದ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲೇ ಕೂತು ಪ್ರೋಗ್ರಾಮ್ ಬರೆಯುವುದು ಕಲಿತು, ದಾವಣಗೆರೆ–ಹರಿಹರದ ಬಸ್ಸುಗಳಿಗೆ ಆ್ಯಪ್ ಮಾಡಿದೆ. ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಬರಹವನ್ನು ಯಾರಾದರೂ ತಿದ್ದಿ ಕಳಿಸಬಹುದು. ನಾನು ಒಪ್ಪಿದರೆ ಎಲ್ಲರ ಮೊಬೈಲಿಗೂ ಹೋಗುತ್ತದೆ.

ಒಂದು ದಿನ ಹರಿಹರದ ಹತ್ತಿರದ ಗುತ್ತೂರಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಬೆಳಗಿನ ಬಸ್ಸುಗಳ ವೇಳೆ ಬದಲಾಗಿದೆ, ಆ್ಯಪ್ ನಂಬಿ ಎರಡು ಸಲ ತಡವಾಯಿತು, ಮೂರನೇ ಸಲವೂ ಆದರೆ ಫ್ಯಾಕ್ಟರಿ ಗೇಟಿನಿಂದಲೇ ಮನೆಗೆ ಕಳಿಸುತ್ತಾರೆ ಎಂದಳು. ಯಾರಾದರೂ ಒಂದು ವಾರ ಅಲ್ಲಿ ನಿಂತು ವೇಳೆ ಬರೆದುಕೊಂಡು ಬರಬೇಕಿತ್ತು. ಉಳಿದೆಲ್ಲ ನಿಲ್ದಾಣಗಳಲ್ಲಿ ನಿಂತವನು ನಾನೇ. ಇದೊಂದನ್ನು, ಯಾರು ಮಾಡುತ್ತೀರಿ ಎಂದು ಆ್ಯಪಿನ ಪುಟದಲ್ಲಿ ಬರೆದು, ಸ್ವಯಂಸೇವಕರಿಗೆ ಬಿಟ್ಟೆ. ತಪ್ಪು ನನ್ನದೇ.

೧. ಟವೆಲ್

ಅರ್ಧ ಗಂಟೆಯಲ್ಲೇ ವಿದ್ಯಾನಗರದ ಹಾಸ್ಟೆಲ್ ವಿದ್ಯಾರ್ಥಿಯೊಬ್ಬ ‘ಈ ಕೆಲಸ ನನಗಿರಲಿ’ ಎಂದು ಬರೆದ. ಆಮೇಲೆ ಪತ್ತೆಯಿಲ್ಲ. ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಚಹಾ ಕುಡಿಯಲು ಹೋಗುತ್ತಾರಲ್ಲ, ಹಾಗೆ. ಹತ್ತು ದಿನ ಕಾದು, ಬೇರೆಯವರಿಗೆ ಕೊಡುತ್ತೇನೆ ಎಂದರೆ ಅವನಿಗೇ ಸಿಟ್ಟು. ಮಾಡಿದ್ದೀಯಾ ಎಂದು ಕೇಳಿದೆ. ಇಲ್ಲವಂತೆ. ಶುರುವಾದರೂ? ಅದೂ ಇಲ್ಲವಂತೆ.

“ಮನಸ್ನಾಗ ಐತಲ್ರಿ ಸಾರ್” ಅಂದ.

೨. ಹೆಸರು

ಯಾವುದೋ ಕಾಲೇಜಿನ ಲೆಕ್ಚರರ್ ಒಬ್ಬರು, ಓಪನ್ ಸೋರ್ಸ್‌ನಲ್ಲಿ ಹೆಸರು ಬಂದವರಿಗೆ ಅಂಕ ಎಂದುಬಿಟ್ಟರು. ಮರುದಿನ ತಿದ್ದುಪಡಿಗಳ ಜಾತ್ರೆ. ಒಬ್ಬ ಒಂದು ವಾಕ್ಯಕ್ಕೆ ಪೂರ್ಣವಿರಾಮ ಇಟ್ಟ. ಎರಡನೆಯವ ಅದನ್ನು ತೆಗೆದ. ಮೂರನೆಯವ ಅಲ್ಲೇ ಅಲ್ಪವಿರಾಮ ಇಟ್ಟ. ಮೂವರೂ ಕೊಡುಗೆದಾರರ ಪಟ್ಟಿಯಲ್ಲಿ ತಮ್ಮ ಹೆಸರು ಸೇರಿಸಿಕೊಂಡರು. ನಾನು ಲೆಕ್ಚರರಿಗೆ ಫೋನ್ ಮಾಡಿ, ಇಷ್ಟು ಜನರಲ್ಲಿ ಒಬ್ಬನಾದರೂ ಗುತ್ತೂರಿಗೆ ಹೋಗಬಾರದೇ ಎಂದು ರೇಗಿದೆ. ಅವರು ಶಾಂತವಾಗಿ ಹೇಳಿದರು:

“ಗುತ್ತೂರು ಸಿಲೆಬಸ್‌ನಾಗ ಇಲ್ರಿ.”

೩. ಶುದ್ಧ ಕನ್ನಡ

ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಆ್ಯಪಿನಲ್ಲಿ ‘ಬಸ್ ಐತೆ’ ಎಂದಿದ್ದುದನ್ನು ಸಹಿಸಲಾಗಲಿಲ್ಲ. ಬಸ್ಸುಗಳ ಪಟ್ಟಿಯಲ್ಲಿದ್ದ ‘ಐತೆ’ಗಳನ್ನೆಲ್ಲ ಹುಡುಕಿ ‘ಇದೆ’ ಮಾಡಿ ಕಳಿಸಿದರು. ಹಿರಿಯರಲ್ಲವೇ ಎಂದು, ಪರೀಕ್ಷಿಸದೆಯೇ ಒಪ್ಪಿದೆ. ಆದರೆ ಗುರುವಿಲ್ಲದೆ ಕಲಿತ ನನ್ನ ಪ್ರೋಗ್ರಾಮ್, ‘ಐತೆ’ ಎಂಬ ಪದ ಕಂಡರೆ ಮಾತ್ರ ಬಸ್ಸಿದೆ ಎಂದು ತಿಳಿಯುತ್ತಿತ್ತು. ಮರುದಿನ ಬೆಳಗ್ಗೆ ಹರಿಹರದ ಕಡೆಗೆ ಒಂದೇ ಒಂದು ಬಸ್ ಇಲ್ಲ ಎಂದಿತು. ಗುತ್ತೂರಿನ ಹೆಣ್ಣುಮಗಳು ಹಾಲಿನ ಟೆಂಪೋದಲ್ಲಿ ನಿಂತು, ಗೇಟು ಮುಚ್ಚುವ ಹೊತ್ತಿಗೆ ಫ್ಯಾಕ್ಟರಿ ಮುಟ್ಟಿದಳು. ಅಲ್ಲಿಂದಲೇ ಫೋನ್ ಮಾಡಿ ನನ್ನ ವಂಶವನ್ನೆಲ್ಲ ಬೈದು, ಆ್ಯಪ್ ಕಿತ್ತು ಹಾಕಿದಳು. ಆ ಬೈಗುಳವನ್ನು ಹಾಗೇ ಮೇಷ್ಟ್ರಿಗೆ ದಾಟಿಸಿದೆ. ಪೂರ್ತಿ ಕೇಳಿ ಅವರೆಂದರು:

“ಅದಿರ್ಲಿ, ವಾಕ್ಯ ಈಗ ಶುದ್ಧ ಐತೋ ಇಲ್ಲೋ?”

೪. ಮಾಹಿತಿ ಸಂಗ್ರಹ

ಆ ಹೆಣ್ಣುಮಗಳು ನಮ್ಮನ್ನು ನಂಬುವುದು ಬಿಟ್ಟು, ತಾನೇ ದಿನಾ ನೋಡಿ, ತಂಗುದಾಣದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬಸ್ಸಿನ ವೇಳೆ ಬರೆದಳು. ಅಲ್ಪವಿರಾಮದ ಹುಡುಗನಿಗೆ ಇನ್ನೂ ಎರಡು ಅಂಕ ಬೇಕಿತ್ತು. ಗುತ್ತೂರಿಗೆ ಹೋಗಿ ಆ ಗೋಡೆಯನ್ನು ನಕಲು ಹೊಡೆದು ಕಳಿಸಿದ. ನನಗೆ ಬಂದ ಮೊದಲ ಸರಿಯಾದ ತಿದ್ದುಪಡಿ ಅದು. ಅಷ್ಟಕ್ಕೆ ಸುಮ್ಮನಿರದೆ, ಅವಳು ಬರೆದದ್ದರ ಕೆಳಗೆ ‘ಮಾಹಿತಿ ಸಂಗ್ರಹ’ ಎಂದು ತನ್ನ ಹೆಸರು, ಮೊಬೈಲ್ ನಂಬರ್ ಬರೆದು ಬಂದ.

ಮರುದಿನ ಬಸ್ ತಡವಾಯಿತು. ನಿಲ್ದಾಣದಲ್ಲಿದ್ದವರೆಲ್ಲ ಅವನಿಗೆ ಫೋನ್ ಹಚ್ಚಿದರು. ಕೊನೆಗೆ ಅವಳು ಫ್ಯಾಕ್ಟರಿ ಗೇಟಿನಿಂದ ಮಾಡಿ, “ಹೆಸರು ಬರ್ದಿಯಲ್ಲ, ಈಗ ನಮ್ ಸೂಪರ್‌ವೈಸರ್‌ಗೆ ನೀನೇ ಹೇಳು” ಎಂದು ಫೋನನ್ನು ಸೂಪರ್‌ವೈಸರ್ ಕೈಗೆ ಕೊಟ್ಟಳು. ಹುಡುಗ ನಿದ್ದೆಗಣ್ಣಲ್ಲಿ, ಹೌದು ಸಾರ್, ಬಸ್ ಲೇಟು, ತಪ್ಪಾಯ್ತು ಸಾರ್ ಎಂದ. ಯಾರೋ ಬಸ್ಸಿನ ಸಾಹೇಬರೇ ಇರಬೇಕೆಂದು ತಿಳಿದು ಸೂಪರ್‌ವೈಸರ್ ಆ ಬಸ್ಸಿಗೆ ಬಂದವರೆಲ್ಲರನ್ನೂ ಒಳಗೆ ಬಿಟ್ಟ.

ಅಂದಿನಿಂದ ದಿನಾ ಬೆಳಗ್ಗೆ ಅವನಿಗೆ ಫೋನು. ಎಂಟನೇ ದಿನ ಅಂಗಡಿಗೆ ಬಂದು, ಹೆಸರು ತೆಗೀರಿ ಸಾರ್ ಎಂದು ಗೋಗರೆದ. ಆ್ಯಪಿನಿಂದ ತೆಗೆದೆ. ಗೋಡೆಯದನ್ನು ನೀನೇ ಹೋಗಿ ಅಳಿಸಪ್ಪ ಎಂದೆ. ಒದ್ದೆ ಬಟ್ಟೆ ಹಿಡಿದು ಗುತ್ತೂರಿಗೆ ಹೋದ.

ಹೋಗಿ ನೋಡಿದರೆ, ಮಳೆಗೆ ಅಳಿಸಿಹೋಗಬಾರದೆಂದು ಅವಳು ಅವನ ಹೆಸರು, ನಂಬರನ್ನು ಆಯಿಲ್ ಪೇಂಟಿನಲ್ಲಿ ಬರೆಸಿಬಿಟ್ಟಿದ್ದಳು.