ಗಂಧ ಹಚ್ಚಿದ ಪ್ರೊಸೆಸರ್

ಹಳೆಯ ಕಂಪ್ಯೂಟರನ್ನು ಎಸೆಯಿರಿ ಎಂದು ಯಾರಾದರೂ ಅಂದರೆ ಸಾಕು, ತಮ್ಮನ್ನೇ ಮನೆಯಿಂದ ಆಚೆ ಹಾಕಲು ಹೊರಟಿದ್ದಾರೆ ಅನ್ನುವಷ್ಟು ಕೋಪ ವೆಸ್ಟ್‌ಮಂಟ್ ಎಂಬ ಅಮೆರಿಕನ್ ಊರಿನ ಚಂದ್ರಮೌಳಿಯವರಿಗೆ. ಹನ್ನೆರಡು ವರ್ಷದ ಹಿಂದೆ ಅವರೇ ಕೈಯಾರೆ ಜೋಡಿಸಿದ ಡೆಸ್ಕ್‌ಟಾಪ್ ಅದು. ಬೇಸ್‌ಮೆಂಟಿನ ವಾಟರ್ ಹೀಟರ್ ಪಕ್ಕದಲ್ಲಿ ಅದರ ಸಂಸ್ಥಾನ. ಕನ್ನಡ ಕೂಟದ ಯಾವ ಕಾರ್ಯಕ್ರಮವೇ ಇರಲಿ, ಹಾಡುಗಳ ಧ್ವನಿ ಜೋಡಣೆಯೆಲ್ಲ ಅಲ್ಲೇ ಆಗಬೇಕು, ಅವರ ಕೈಯಿಂದಲೇ ಆಗಬೇಕು.

ಈ ಸಲದ ದಸರಾ ಕಾರ್ಯಕ್ರಮ ಆ ಸಂಸ್ಥಾನಕ್ಕೆ ಸಂಚಕಾರ ತಂದಿತು. ಅವರ ಹೆಂಡತಿ ಪದ್ಮ ಇಪ್ಪತ್ತೆರಡು ಹೆಂಗಸರ ಸಮೂಹಗಾನ ಏರ್ಪಡಿಸಿದ್ದರು. ಎಲ್ಲರೂ ತಂತಮ್ಮ ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸುವುದು, ಚಂದ್ರಮೌಳಿ ಅವನ್ನು ಒಂದುಗೂಡಿಸುವುದು, ಶನಿವಾರ ಸಭಾಂಗಣದಲ್ಲಿ ಆ ಹಾಡಿಗೆ ಮಕ್ಕಳು ಕುಣಿಯುವುದು. ಏಳನೆಯ ದನಿ ಸೇರಿಸುತ್ತಲೇ ಕಂಪ್ಯೂಟರ್ ಬಿಕ್ಕತೊಡಗಿತು. ಪಿಸುದನಿಯನ್ನೂ ಎತ್ತಿ ದೊಡ್ಡ ದನಿಯ ಸಮಕ್ಕೆ ನಿಲ್ಲಿಸುವ ಹೊಸ ಸಾಫ್ಟ್‌ವೇರ್ ಹಾಕಿದ ಮೇಲಂತೂ ಗರ ಬಡಿದಂತೆ ಕೂತುಬಿಟ್ಟಿತು.

ಪದ್ಮ ಅವರ ತಮ್ಮ ಸತ್ಯ ಇರುವುದು ದೂರದ ಆನ್ ಆರ್ಬರಿನಲ್ಲಿ. ಭಾವ, ಎಲ್ಲ ನನಗೆ ಕಳಿಸಿಬಿಡಿ, ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದ ಕೆಲಸ, ಆ ಡಬ್ಬಾನ ಗುಜರಿಗೆ ಹಾಕಿ ಎಂದು ಫೋನಿನಲ್ಲೇ ನಕ್ಕ. ಕಾಲೇಜಿನಲ್ಲಿದ್ದ ಮಗಳು ಇಂಚರಾಳಿಂದಲೂ “ಅಪ್ಪಾ, ಜಸ್ಟ್ ಬೈ ಎ ನ್ಯೂ ಒನ್” ಎಂಬ ಮೆಸೇಜ್ ಬಂತು. ಚಂದ್ರಮೌಳಿಗೆ ರೇಗಿಹೋಯಿತು.

“ಪ್ರೊಸೆಸರ್ ಒಂದು ಬದಲಾಯ್ಸಿದ್ರೆ ಕುದುರೆ ಥರ ಓಡುತ್ತೆ. ನಾನೇ ಮಾಡ್ತೀನಿ,” ಎಂದು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದರು. “ಇದು ಓಡದೆ ಹೋದ್ರೆ, ಇಲ್ಲಾ ನಿನ್ನ ತಮ್ಮನ್ನ ನಾನು ಒಂದೇ ಒಂದು ಮಾತು ಕೇಳಿದ್ರೆ, ನಾನೇ ಹೊತ್ಕೊಂಡು ಹೋಗಿ ರಿಸೈಕ್ಲಿಂಗ್‌ಗೆ ಹಾಕ್ತೀನಿ. ಆಮೇಲೆ ಕೂಟದ ಸೌಂಡೆಲ್ಲ ಅವನೇ ನೋಡ್ಕೊಳ್ಲಿ.”

“ಮಾತು ನೆನಪಿರ್ಲಿ,” ಎಂದಷ್ಟೇ ಹೇಳಿ ಪದ್ಮ ಸಾರಿಗೆ ಒಗ್ಗರಣೆ ಹಾಕಲು ಹೋದರು.

ಆ ಹಳೆಯ ಬೋರ್ಡಿಗೆ ಹೊಂದುವಂಥ ಗಟ್ಟಿ ಪ್ರೊಸೆಸರ್ ಹೊಸದಾಗಿ ಎಲ್ಲೂ ಸಿಗುವಂತಿರಲಿಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಆನ್‌ಲೈನಿನಲ್ಲಿ ಹುಡುಕಿ ತರಿಸಿದರು. ಬಿಸ್ಕತ್ತಿಗಿಂತ ಚಿಕ್ಕದಾದ ಆ ಬಿಲ್ಲೆ ಬಂದದ್ದು ಮಂಗಳವಾರ, ಮರುದಿನವೇ ಆಯುಧಪೂಜೆ. ಹಬ್ಬಕ್ಕೆ ಸರಿಯಾಗಿ ಬಂದ ಆಯುಧವನ್ನು ಪೂಜೆಯಿಲ್ಲದೆ ಕೂರಿಸುವುದುಂಟೇ? ಬುಧವಾರ ಬೆಳಿಗ್ಗೆ ದೇವರ ಮುಂದಿನ ತಟ್ಟೆಯಲ್ಲಿ ಕಾರಿನ ಕೀ, ಡ್ರಿಲ್, ಚಾಕು, ಕತ್ತರಿಗಳ ಜೊತೆ ಅದನ್ನೂ ಇಟ್ಟು, ಒಂದನ್ನೂ ಬಿಡದೆ ಪೂಜೆ ಮಾಡು ಎಂದು ಪದ್ಮ ಅವರಿಗೆ ಅಪ್ಪಣೆ ಕೊಟ್ಟು ಪಕ್ಕದೂರು ಲಿಸ್ಲ್‌ನ ಆಫೀಸಿಗೆ ಹೊರಟರು. (ಹೋದ ವರ್ಷ ಡ್ರಿಲ್ಲಿಗೆ ಗಂಧ ಹಚ್ಚಲು ಮರೆತದ್ದಕ್ಕೆ ಮೂರು ದಿನ ಮುಖ ಊದಿಸಿಕೊಂಡಿದ್ದ ಮಹಾನುಭಾವರಿವರು.)

ಸಂಜೆ ಬಂದವರೇ ಬೇಸ್‌ಮೆಂಟಿಗೆ ಇಳಿದರು. ಪ್ರೊಸೆಸರಿನ ಬಿಸಿ ಮೇಲಿನ ಫ್ಯಾನಿಗೆ ದಾಟಬೇಕಾದರೆ ಎರಡರ ಮಧ್ಯೆ ಕಡಲೆಕಾಳಿನಷ್ಟು ಪೇಸ್ಟ್ ಹಚ್ಚಬೇಕು. ಅದಕ್ಕೆಂದೇ ಒಂದು ಟ್ಯೂಬ್ ತರಿಸಿದ್ದರು. ನೋಡಿದರೆ ಬಿಲ್ಲೆಯ ನಟ್ಟನಡುವೆ, ಸರಿಯಾಗಿ ಕಡಲೆಕಾಳಿನಷ್ಟೇ, ಏನೋ ಹಚ್ಚಿದೆ. ಮಾರಿದವನು ಪುಣ್ಯಾತ್ಮ, ಪೇಸ್ಟ್ ಹಚ್ಚಿಯೇ ಕಳಿಸಿದ್ದಾನೆ ಎಂದು ಮನಸ್ಸಿನಲ್ಲೇ ಹರಸಿ, ಟ್ಯೂಬಿನ ಮುಚ್ಚಳ ಕೂಡ ತೆಗೆಯದೆ ಡ್ರಾಯರಿಗೆ ಹಾಕಿದರು.

ಕಂಪ್ಯೂಟರ್ ಎದ್ದು ಕೂತಿತು. ಏಳು, ಹತ್ತು, ಹದಿನೈದು ದನಿಗಳು ಸರಾಗವಾಗಿ ಓಡಿದವು. ಆಗ ಫ್ಯಾನು ಭೋರೆಂದು ತಿರುಗತೊಡಗಿ, ಡಬ್ಬದೊಳಗಿನಿಂದ ಘಮ್ಮೆಂದು ಶ್ರೀಗಂಧದ ಪರಿಮಳ ಬಂತು. ಚಂದ್ರಮೌಳಿಗೆ ಮೈ ಜುಮ್ಮೆಂದಿತು, ಸಾಕ್ಷಾತ್ ದೇವಿಯೇ ಒಪ್ಪಿಗೆ ಕೊಟ್ಟಳು ಎಂದು ಕೈ ಮುಗಿದರು. ಹದಿನಾರನೆಯ ದನಿ ಸೇರಿಸುತ್ತಲೇ ಕಂಪ್ಯೂಟರ್ ಟಪ್ಪೆಂದು ಆರಿಹೋಯಿತು. ಮತ್ತೆ ಆನ್ ಮಾಡಿದರು. ಮತ್ತೆ ಪರಿಮಳ, ಮತ್ತೆ ಟಪ್. ಗುರುವಾರವೂ ಇದೇ ಕಥೆ.

ಶುಕ್ರವಾರ ಸಂಜೆ ಪದ್ಮ ಮಹಡಿಯ ಮೇಲಿನ ಕ್ಲೋಸೆಟ್ಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ ನಿಂತು ತಮ್ಮ ಪಾಲಿನ ಹಾಡು ರೆಕಾರ್ಡ್ ಮಾಡುತ್ತಿದ್ದರು. (ಸೀರೆಗಳ ನಡುವೆ ಪ್ರತಿಧ್ವನಿ ಇರುವುದಿಲ್ಲವೆಂದು ಕಲಿಸಿಕೊಟ್ಟವರು ಚಂದ್ರಮೌಳಿಯೇ.) ಇದೇ ಸಮಯವೆಂದು ಅವರು ಬೇಸ್‌ಮೆಂಟಿನ ಮೂಲೆಯಲ್ಲಿ, ಮನೆಗೆಲ್ಲ ಬಿಸಿಗಾಳಿ ಕಳಿಸುವ ಕೊಳವೆಯ ಮರೆಯಲ್ಲಿ ಅವಿತು, ಪ್ರತಿಜ್ಞೆಯನ್ನು ನುಂಗಿಕೊಂಡು ಪಿಸುದನಿಯಲ್ಲೇ ಸತ್ಯನಿಗೆ ವಿಡಿಯೋ ಕಾಲ್ ಮಾಡಿದರು. ಸತ್ಯ ಫ್ಯಾನ್ ಕಳಚಿಸಿ ನೋಡಿದ. ಭಾವ, ಅದು ಪೇಸ್ಟ್ ಥರ ಕಾಣಿಸ್ತಿಲ್ಲ, ಒಂದ್ಸಲ ಮೂಸಿ ನೋಡಿ ಎಂದ. ಮೂಸಿದರು. ದೇವರ ಮನೆಯ ಗಂಧ, ಒಣಗಿ ಹಪ್ಪಳವಾಗಿತ್ತು. ಪದ್ಮ ಅವರನ್ನು ಬೈಯೋಣವೆಂದರೆ ಒಂದನ್ನೂ ಬಿಡಬೇಡ ಎಂದವರು ತಾವೇ.

ಗಂಧ ಒರೆಸಿ, ನಿಜವಾದ ಪೇಸ್ಟ್ ಹಚ್ಚಿ, ಪದ್ಮ ಕಳಿಸಿದ ದನಿಯನ್ನೂ ಸೇರಿಸಿದರು. ಇಪ್ಪತ್ತೆರಡೂ ಓಡಿದವು, ಆ ಭಾರೀ ಸಾಫ್ಟ್‌ವೇರ್ ಸಮೇತ. ಪರದೆಯ ಮೇಲೆ ಇಪ್ಪತ್ತೆರಡು ಗೆರೆಗಳು ಸಾಲಾಗಿ ಹರಿಯುವುದನ್ನು ಚಂದ್ರಮೌಳಿ ಕಣ್ತುಂಬ ನೋಡಿದರು. ಆ ಸಂಭ್ರಮದಲ್ಲಿ ಕಿವಿಗೊಟ್ಟು ಕೇಳಲು ಮರೆತರು.

ಶನಿವಾರ ಸಭಾಂಗಣದಲ್ಲಿ ಇನ್ನೂರು ಜನ. ಸೌಂಡ್ ಮೇಜಿನ ಹಿಂದೆ ಜರಿ ಶಲ್ಯ ಹೊದ್ದ ಚಂದ್ರಮೌಳಿ, ಪಕ್ಕದಲ್ಲಿ ಪದ್ಮ. ಪಲ್ಲವಿ ಅದ್ಭುತವಾಗಿ ಬಂತು. ಅದು ಮುಗಿದ ಮೇಲೆ ಹತ್ತು ಸೆಕೆಂಡ್ ಮೌನ, ಮಕ್ಕಳು ದಸರಾ ಗೊಂಬೆಗಳಂತೆ ಅಲುಗಾಡದೆ ನಿಲ್ಲಬೇಕು. ನಿಂತರು. ಆ ಮೌನದಲ್ಲಿ, ನಾಲ್ಕೂ ಸ್ಪೀಕರುಗಳಿಂದ, ಎಲ್ಲರಿಗೂ ಗುರುತು ಸಿಗುವ ದನಿಯೊಂದು ಗುಂಯ್‌ಗುಟ್ಟಿತು.

“ಸತ್ಯ, ದಮ್ಮಯ್ಯ ಅಂತೀನಿ ಕಣೋ, ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ. ಇದರೊಳಗೆ ಏನಾಗಿದೆಯೋ ನಂಗೊಂದೂ ತಿಳೀತಿಲ್ಲ.”

ಬೇಸ್‌ಮೆಂಟಿನ ಆ ಕೊಳವೆ ನೇರವಾಗಿ ಸೀರೆ ಕ್ಲೋಸೆಟ್ಟಿಗೇ ಹೋಗಿ ಬಾಯಿ ತೆರೆಯುತ್ತದೆ ಎಂಬುದು ಇಪ್ಪತ್ತು ವರ್ಷ ಆ ಮನೆಯಲ್ಲಿದ್ದ ಚಂದ್ರಮೌಳಿಗೆ ಆಗಲೇ ಹೊಳೆದದ್ದು. ಚರಣ ಶುರುವಾದರೂ ಯಾರೊಬ್ಬರೂ ವೇದಿಕೆಯ ಕಡೆ ನೋಡುತ್ತಿರಲಿಲ್ಲ. ಇನ್ನೂರು ತಲೆಗಳೂ ಸೌಂಡ್ ಮೇಜಿನ ಕಡೆ ತಿರುಗಿದ್ದವು.

“ರಿಸೈಕ್ಲಿಂಗ್‌ಗೆ ನೀವೊಬ್ರೇ ಹೊರ್ತೀರೋ, ನಾನೂ ಒಂದು ಕೈ ಹಾಕ್ಲೋ?” ಎಂದು ಪದ್ಮ ಮೆಲ್ಲಗೆ ಕೇಳಿದರು.

ಚಂದ್ರಮೌಳಿ ಶಲ್ಯ ಸರಿಮಾಡಿಕೊಂಡು, ಎದೆಯುಬ್ಬಿಸಿ ಕೂತರು.

“ಅದು ಹಾಗಿರ್ಲಿ. ನನ್ನ ಕಂಪ್ಯೂಟರಿನ ಸೌಂಡಲ್ಲಿ ಒಂದಕ್ಷರ ಆದ್ರೂ ಒಡೀತಾ, ಹೇಳು?”