ಗೆಲ್ಲದವನಿಗೆ ಬಂದ ಹಣ

ಆನ್‌ಲೈನ್ ಪಾವತಿಯನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ, ನಂಬಬಹುದು, ಕಷ್ಟ ಇರುವುದೇ ಅಲ್ಲಿ ಎನ್ನುತ್ತೇನೆ. ಆಗಾಗ ಕೈಕೊಡುವ ವ್ಯವಸ್ಥೆಯ ಜೊತೆ ಹೇಗೋ ಸಂಸಾರ ಮಾಡಬಹುದು. ಅದು ಚಾಚೂ ತಪ್ಪದೆ ಕೆಲಸ ಮಾಡಿದ ದಿನ ಏನಾಗುತ್ತದೆ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು.

ನಾನು ಪುತ್ತಿಗೆಯ ಕಡೆ ಕನ್ನಡ ಶಾಲೆಯೊಂದರಲ್ಲಿ ಲೆಕ್ಕದ ಮಾಷ್ಟ್ರು. ಎರಡು ವರ್ಷ ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡಿದ್ದೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಇದಕ್ಕೆ 'ಇಲಾಖೆಯ ಕೆಲಸ' ಎಂದು ಹೆಸರು. ಮಧ್ಯಾಹ್ನದ ಊಟದ ಅಕ್ಕಿಯಿಂದ ಹಿಡಿದು ಮಕ್ಕಳ ತೂಕದವರೆಗೆ ಎಲ್ಲವನ್ನೂ ಫೋನಿನಲ್ಲೇ ತುಂಬಬೇಕಾದ ಈ ಕಾಲದಲ್ಲಿ, ಮಾಷ್ಟ್ರೊಬ್ಬ ಪರದೆ ನೋಡುತ್ತಾ ಹಲ್ಲು ಕಡಿದರೆ ಯಾರೂ ಸಂಶಯಪಡುವುದಿಲ್ಲ. ಮನೆಯ ಮುಂಭಾಗದಲ್ಲೇ ಟೈಲರಿಂಗ್ ಅಂಗಡಿ ನಡೆಸುವ ನನ್ನ ಹೆಂಡತಿ ಜಯಂತಿ, ಪಾಪ, ಎಷ್ಟೋ ಸಲ ಚಹಾ ತಂದಿಟ್ಟು ಸರಕಾರವನ್ನು ಬೈದು ಹೋಗಿದ್ದಾಳೆ.

ಅಷ್ಟರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ನಿಷೇಧ ಬಂತು. ಆ್ಯಪಿನಲ್ಲಿ ಉಳಿದಿದ್ದ ಸಾವಿರದ ಎಂಟುನೂರ ನಲವತ್ತು ರೂಪಾಯಿಯನ್ನು ವಾಪಸು ಪಡೆಯಬಹುದೆಂಬ ಸೂಚನೆ ಕಾಣಿಸಿತು. ಒತ್ತಿದೆ. 'ಪ್ರಕ್ರಿಯೆಯಲ್ಲಿದೆ' ಎಂದಿತು. ವಾರ ಕಳೆದರೂ ಅದೇ ಉತ್ತರ. ಇದರ ನಡುವೆ ನಮ್ಮ ಹೆಡ್‌ಮಾಷ್ಟ್ರು, ಹೊಸ ಕಾನೂನಿನ ಬಗ್ಗೆ ಪೋಷಕರ ಸಭೆಯಲ್ಲಿ ಯಾರಾದರೂ ಮಾತಾಡಬೇಕು, ಲೆಕ್ಕದವರಾದರೆ ಒಳ್ಳೆಯದು ಎಂದರು. ಮಾತಾಡಿದೆ. ಸೋತವನು ಮತ್ತೊಂದು ಆಟಕ್ಕೆ ಹೇಗೆ ಕೈಹಾಕುತ್ತಾನೆ, ಮನೆಯಲ್ಲಿ ಹೇಗೆ ಸುಳ್ಳು ಹೇಳುತ್ತಾನೆ ಎಂದು ಎಳೆ ಎಳೆಯಾಗಿ ಬಿಡಿಸಿಟ್ಟೆ. ಇಷ್ಟು ಆಳವಾದ ಅಧ್ಯಯನ ಯಾವಾಗ ಮಾಡಿದಿರಿ ಎಂದು ಹೆಡ್‌ಮಾಷ್ಟ್ರು ಬೆರಗಾದರು. ನನ್ನ ಮಾತು ಕೇಳಲೆಂದೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಜಯಂತಿ, ಮನೆಗೆ ಬಂದು ಹೆಮ್ಮೆಯಿಂದ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ.

ಮರುದಿನ ಮೀನಿನ ಅಬ್ಬಾಸನಲ್ಲಿ ಬಂಗುಡೆ ಕೊಂಡು ಸ್ಕ್ಯಾನ್ ಮಾಡಿದರೆ ಹಣ ಹೋಗಲಿಲ್ಲ. ಜೂಜುಕೋರನೆಂದು ಬ್ಯಾಂಕಿನವರು ನನ್ನ ಖಾತೆಯನ್ನು ತಡೆಹಿಡಿದಿದ್ದಾರೆ ಎಂದು ಖಾತ್ರಿಯಾಯಿತು. ಸರ್ವರ್ ಇಲ್ಲ, ಬೆಳಿಗ್ಗೆಯಿಂದ ಯಾರದ್ದೂ ಹೋಗುತ್ತಿಲ್ಲ ಎಂದು ಅಬ್ಬಾಸ್ ಹೇಳಿದರೂ ಸಮಾಧಾನವಾಗದೆ ಬ್ಯಾಂಕಿಗೆ ಓಡಿದೆ. ಕೌಂಟರಿನಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಶ್ವೇತಾ. ಸ್ನೇಹಿತನೊಬ್ಬನಿಗೆ ರಮ್ಮಿಯ ಹಣ ವಾಪಸು ಬರಬೇಕಿತ್ತು ಎಂದು ಪಿಸುಗುಟ್ಟಿದೆ.

"ಸ್ನೇಹಿತರ ಖಾತೆ ನಂಬರ್ ಉಂಟಾ ಸರ್?"

ಬೇರೆ ದಾರಿಯಿಲ್ಲದೆ ನನ್ನದನ್ನೇ ಕೊಟ್ಟೆ. ಶ್ವೇತಾ ನಗಲಿಲ್ಲ, ಅವಳು ಶಾಲೆಯಲ್ಲೂ ಒಳ್ಳೆಯ ಹುಡುಗಿಯೇ. ಈ ಖಾತೆಗೆ ಏನೂ ತೊಂದರೆಯಿಲ್ಲ, ಆ್ಯಪಿಗೆ ಕೊಟ್ಟದ್ದು ಇದೇ ನಂಬರೋ ನೋಡಿ ಎಂದಳು. ನೋಡಿದೆ. ಆಟ ಶುರುಮಾಡುವಾಗ, ಹಣ ಕಟ್ಟುವುದು ಸಂಬಳದ ಖಾತೆಯಿಂದಲೇ ಆದರೂ ಗೆದ್ದದ್ದು ಅಲ್ಲಿಗೆ ಬರುವುದು ಬೇಡ ಎಂಬ ಜಾಣತನದಿಂದ, ಮನೆ ಸಾಲಕ್ಕೆಂದು ತೆರೆದ ಜಂಟಿ ಖಾತೆಯ ನಂಬರ್ ಕೊಟ್ಟಿದ್ದೆ. ಗೆದ್ದು ಹಣ ತೆಗೆಯುವ ಸಂದರ್ಭ ಎರಡು ವರ್ಷದಲ್ಲಿ ಒಮ್ಮೆಯೂ ಬಾರದ್ದರಿಂದ ಅದು ಮರೆತೇಹೋಗಿತ್ತು. ಆ ಖಾತೆಯ ಸಂದೇಶಗಳೆಲ್ಲ ಹೋಗುವುದು ಜಯಂತಿಯ ಫೋನಿಗೆ. ಬರುವ ಹಣವನ್ನು ತಡೆಯಲು ಆಗುತ್ತದೆಯೇ ಎಂದು ಕೇಳಿದೆ. ಇಲ್ಲಿಗೆ ಬರುವವರೆಲ್ಲ ಹಣ ಬೇಗ ಬರಲಿ ಎಂದೇ ಕೇಳುವುದು ಎಂದಳು ಶ್ವೇತಾ.

ಮನೆ ಮುಟ್ಟುವಾಗ ಸರ್ವರ್ ಸರಿಯಾಗಿತ್ತು. ಜಯಂತಿ ಹೊಲಿಗೆ ಮೆಷಿನಿನ ಮುಂದೆ ಫೋನ್ ಹಿಡಿದು ಕೂತಿದ್ದಳು.

"ನಿಮ್ಮ ಇಲಾಖೆಯವರು ಹಣ ಹಾಕಿದ್ದಾರೆ" ಎಂದಳು. "ಹೆಸರು ಮಾತ್ರ ರಮ್ಮಿ ಅಂತ ಉಂಟು."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಇದು ಬಂದದ್ದು. ಹೋದದ್ದು ಎಷ್ಟು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ಸುಳ್ಳಲ್ಲ, ಕೂಡಿಸಿ ನೋಡಿದ್ದರೆ ಎರಡು ವರ್ಷ ಆಡಲು ಸಾಧ್ಯವೇ ಇರಲಿಲ್ಲ. ಅವಳು ರವಕೆಯ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು ಮುಂದಿಟ್ಟಳು. ಫೋನಿನಲ್ಲಿದ್ದ ಹಳೆಯ ಪಾವತಿಗಳನ್ನು ಒಂದೊಂದಾಗಿ ಬರೆದು ಕೂಡಿಸತೊಡಗಿದೆ. ಹಾಳೆ ಸಾಲಲಿಲ್ಲ. ಇನ್ನೊಂದು ಕೇಳಿದೆ. ಅದನ್ನೂ ಹರಿದು ಕೊಟ್ಟಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೋದದ್ದನ್ನೆಲ್ಲ ಕೂಡಿಸಿ ಸಿಕ್ಕ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲ ತಾಳೆ ನೋಡಿದೆ, ಸರಿಯಾಗಿಯೇ ಇತ್ತು. ಇಪ್ಪತ್ತು ವರ್ಷ ಲೆಕ್ಕ ಕಲಿಸಿದ ನಾನು, ನನ್ನ ಉತ್ತರ ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡದ್ದು ಅದೊಂದೇ ಸಲ.