ಲೀಡ್ಸ್‌ನಲ್ಲಿ ನಮಸ್ಕಾರ ಮಾಡುವ ಜಿಂಕೆಗಳು

ವಿಶಾಲಾಕ್ಷಿಯ ಬಲಗೈ ಹೆಬ್ಬೆರಳು ಸ್ವಲ್ಪ ದಪ್ಪ. ಐವತ್ತೈದು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ಏಳೂವರೆಗೆ, ಸಟನ್‌ನ ತನ್ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಮಗಳು ಸಿರಿಶಾಳಿಗೆ ಒಂದು ಫೋಟೋ ಕಳಿಸಲು ಹೋದಾಗ, ಬೆರಳು ಒಂದು ಸಾಲು ಮೇಲೆ ಬಿತ್ತು. ಎಡಿನ್‌ಬರೋದಲ್ಲಿ ಓದುತ್ತಿದ್ದ ಮಗಳಿಗೆ ಹೋಗಬೇಕಾದ ಫೋಟೋ ನೂರಾ ಹನ್ನೆರಡು ಜನರಿದ್ದ 'ಸಟನ್ ಕನ್ನಡ ಬಳಗ'ದ ವಾಟ್ಸಾಪಿಗೆ ಹೋಯಿತು.

ಫೋಟೋದಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಬೆಟ್ಟದ ದಾರಿಯುದ್ದಕ್ಕೂ ಒಂದರ ಬೆನ್ನಿಗೆ ಒಂದು ನಿಂತ ಕುಂಕುಮ ಬಣ್ಣದ ಕಮಾನುಗಳು, ಅವುಗಳ ಸಂದಿನಿಂದ ಇಳಿಯುತ್ತಿರುವ ಬೆಳಗಿನ ಬಿಸಿಲು. ಜಪಾನಿನ ಕ್ಯೋಟೋದಲ್ಲಿರುವ ಇನಾರಿ ದೇವರ ಗುಡಿ. ತೊಂದರೆಯೇನೆಂದರೆ, ಕಳೆದ ತಿಂಗಳು ಹನ್ನೆರಡು ದಿನ ವಿಶಾಲಾಕ್ಷಿ ಲೀಡ್ಸ್‌ಗೆ ಟ್ರೈನಿಂಗಿಗೆ ಹೋಗಿದ್ದಳೆಂದು ಬಳಗವೆಲ್ಲ ನಂಬಿತ್ತು.

ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಇದ್ದದ್ದನ್ನು ಇದ್ದ ಹಾಗೆ ಬರೆದೇ ರೂಢಿ. ಆದರೆ ಮೂರು ವರ್ಷದ ಹಿಂದೆ ಬಳಗದವರ ಜೊತೆ ಪ್ಯಾರಿಸ್‌ಗೆ ಹೋಗಿದ್ದಳು. ಅಲ್ಲಿ ಅವಳು ಕಣ್ತುಂಬ ಕಂಡದ್ದು ಎರಡೇ: ಬಿಸಿಬೇಳೆಬಾತಿನ ಡಬ್ಬಿ ಬಿಚ್ಚಲು ನೆರಳಿದ್ದ ಒಂದು ಬೆಂಚು, ಮತ್ತು ಯಾರದೋ ಮಫ್ಲರು ಹುಡುಕಿಕೊಂಡು ಮೂವತ್ತೆರಡು ಜನ ಒಟ್ಟಿಗೇ ವಾಪಸು ಹೋದ ಮೂರು ಮೆಟ್ರೋ ಸ್ಟೇಷನ್ನುಗಳು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಜಪಾನಿನ ಗುಡಿಗಳನ್ನು ಒಬ್ಬಳೇ, ತನ್ನ ಕಾಲಿನ ವೇಗದಲ್ಲಿ ನೋಡಬೇಕೆಂಬ ಆಸೆ ಹುಟ್ಟಿದಾಗ ಅವಳು ಬಹಳ ಯೋಚಿಸಿ ಲೀಡ್ಸ್ ಆರಿಸಿಕೊಂಡಳು. ಲೀಡ್ಸ್‌ನಲ್ಲಿ ಟ್ರೈನಿಂಗ್ ಎಂದರೆ 'ನಾನೂ ಬರ್ತೀನಿ' ಅನ್ನುವ ಮನುಷ್ಯ ಭೂಮಿಯ ಮೇಲಿಲ್ಲ.

ಒಂದೂವರೆ ನಿಮಿಷದಲ್ಲಿ ಫೋಟೋ ಅಳಿಸಿದಳು. ಆ ಒಂದೂವರೆ ನಿಮಿಷ ಅಶ್ವತ್ಥನಾರಾಯಣರಿಗೆ ಧಾರಾಳವಾಯಿತು.

ಅಶ್ವತ್ಥನಾರಾಯಣರು ಕೆಳಗಿನ ಫ್ಲ್ಯಾಟಿನವರು, ಬಳಗದ ಅಧ್ಯಕ್ಷರು. ಮೈಸೂರಿನ ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಮುಚ್ಚಿದ ಲಕೋಟೆಗಳನ್ನೇ ನೋಡಿ ನೋಡಿ, ನಿವೃತ್ತರಾದ ಮೇಲೆ ಯಾವುದನ್ನೂ ಮುಚ್ಚಿರಲು ಬಿಡಬಾರದೆಂದು ತೀರ್ಮಾನಿಸಿದಂತಿದ್ದರು. ಎಂಟಕ್ಕೆ ಹತ್ತು ನಿಮಿಷವಿರುವಾಗ ಬಾಗಿಲ ಗಂಟೆ ಒತ್ತಿದರು.

"ವಿಶಾಲಮ್ಮ, ಏನೋ ಹಾಕಿ ಅಳಿಸಿಬಿಟ್ರಲ್ಲ! ನಾನು ಪುಣ್ಯಕ್ಕೆ ಸೇವ್ ಮಾಡ್ಕೊಂಡೆ. ಏನು ಬಣ್ಣ, ಏನು ಬಣ್ಣ! ಎಲ್ಲಿದು?"

ವಿಶಾಲಾಕ್ಷಿಗೆ ನಿಜ ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ರಾಯರ ದೃಷ್ಟಿ ಕಿಟಕಿಯ ಬಳಿಯ ತುಳಸಿ ಕುಂಡದ ಕಡೆ ಹೋಯಿತು.

"ಚಿಗುರಿದೆ ನೋಡಿ. ನೀವು ಲೀಡ್ಸ್‌ನಲ್ಲಿದ್ದಾಗ ದಿನಾ ಎರಡು ಹೊತ್ತು ಬಂದು ನೀರು ಹಾಕ್ತಿದ್ದೆ. ಮಗ ವೇಲ್ಸಿಗೆ ಹೋಗೋಣ ಅಂದ. ವಿಶಾಲಮ್ಮ ಪಾಪ ಕೆಲಸದ ಮೇಲೆ ಹೋಗಿದಾರೆ, ತುಳಸಿ ಒಣಗಬಾರದು, ನೀವು ಹೋಗ್ಬನ್ನಿ ಅಂತ ಅವರನ್ನ ಕಳಿಸಿ ನಾನು ಇಲ್ಲೇ ಉಳಕೊಂಡೆ."

ತನಗಾಗಿ ವೇಲ್ಸ್ ಬಿಟ್ಟ ಎಪ್ಪತ್ತೊಂದರ ಮುದುಕರ ಮುಖ ನೋಡಿ 'ನಾನು ಜಪಾನಿನಲ್ಲಿದ್ದೆ' ಅನ್ನಲು ಅವಳ ನಾಲಿಗೆ ಏಳಲಿಲ್ಲ.

"ಇದು... ಲೀಡ್ಸ್ ಹತ್ತಿರಾನೇ ಸಾರ್. ಜಪಾನಿನವರದೊಂದು ಗುಡಿ ಇದೆ."

"ಲೀಡ್ಸಿನಲ್ಲಾ!" ರಾಯರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮ ದೇಶದಲ್ಲೇ ಇಂಥದ್ದಿಟ್ಕೊಂಡು ನಾವು ಅಲ್ಲಿ ಇಲ್ಲಿ ಅಲೀತೀವಿ! ಇವತ್ತು ಮಧ್ಯಾಹ್ನದ ಸಭೇಲಿ ಮಂಡಿ ನೋವಿನ ಬಗ್ಗೆ ಮಾತಾಡಬೇಕಿದ್ದ ಡಾಕ್ಟರಿಗೆ ಸೊಂಟ ಹಿಡ್ಕೊಂಡಿದೆಯಂತೆ. ಅವರ ಬದಲು ನೀವೇ ಮಾತಾಡ್ತೀರಿ. ಅರ್ಧ ಗಂಟೆ!"

ಅವರು ಮೆಟ್ಟಿಲಿಳಿಯುವುದರೊಳಗೆ ಗುಂಪಿನಲ್ಲಿ ಪ್ರಕಟಣೆ ಬಂದಿತ್ತು. ವಿಶಾಲಾಕ್ಷಿ ಮಗಳಿಗೆ ಫೋನು ಮಾಡಿದಳು.

"ಅಮ್ಮಾ, ಜಸ್ಟ್ ಟೆಲ್ ದೆಮ್," ಎಂದಳು ಸಿರಿಶಾ ನಿದ್ದೆಗಣ್ಣಿನಲ್ಲಿ. "ಯು ವೆಂಟ್ ಆನ್ ಹಾಲಿಡೇ. ಇಟ್ಸ್ ನಾಟ್ ಎ ಕ್ರೈಮ್."

"ಅವರು ತುಳಸಿಗೆ ಎರಡು ಹೊತ್ತು ನೀರು ಹಾಕಿದಾರೆ ಕಣೇ!"

"ಓಕೆ, ದಟ್ಸ್ ಬ್ಯಾಡ್," ಎಂದು ಮಗಳು ಫೋನಿಟ್ಟಳು.

ಮೂರು ಗಂಟೆಗೆ ಬಳಗದ ಸಭೆ ನಡೆಯುವ ಚರ್ಚ್ ಹಾಲ್ ತುಂಬಿತ್ತು. ಗೋಡೆಯ ಮೇಲೆ ರಾಯರ ಪ್ರೊಜೆಕ್ಟರಿನಿಂದ ಆ ಕುಂಕುಮ ಬಣ್ಣದ ಕಮಾನುಗಳು ಆಳೆತ್ತರಕ್ಕೆ ಬೆಳಗುತ್ತಿದ್ದವು. ಐದೇ ನಿಮಿಷದಲ್ಲಿ ಮುಗಿಸಿ ಕೂತುಬಿಡಬೇಕೆಂದುಕೊಂಡು ವಿಶಾಲಾಕ್ಷಿ ಮೈಕು ಹಿಡಿದಳು.

ಆದರೆ ಗೋಡೆಯ ಚಿತ್ರದ ಕಡೆ ಒಮ್ಮೆ ತಿರುಗಿದ್ದೇ ತಪ್ಪಾಯಿತು. ಆ ಗುಡಿಯ ಬೆಳಗಿನ ತಣ್ಣನೆ ಗಾಳಿ ಮತ್ತೆ ಮುಖಕ್ಕೆ ಬಡಿದಂತಾಯಿತು. ಮಾತು ತಾನಾಗಿ ಹೊರಟಿತು.

ಬಾಗಿಲಲ್ಲೇ ಬಿದಿರಿನ ಸೌಟಿನಿಂದ ನೀರೆತ್ತಿ ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯುವುದನ್ನು ಹೇಳಿದಳು. ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು, ತುತ್ತಿಗೆ ಕಾದ ಮಕ್ಕಳಂತೆ ಕೂತಿದ್ದ ಕಲ್ಲಿನ ನರಿಗಳನ್ನು ಹೇಳಿದಳು. ಬಾಚಿದ ಬಿಳಿ ಜಲ್ಲಿಯ ಮೇಲೆ ಹದಿನೈದು ಕಲ್ಲುಗಳಿರುವ ಅಂಗಳವೊಂದಿದೆ, ಜಗಲಿಯಲ್ಲಿ ಎಲ್ಲಿ ಕೂತರೂ ಹದಿನಾಲ್ಕೇ ಕಾಣುತ್ತವೆ, ಕಾಣದ ಒಂದಕ್ಕಾಗಿ ತಾನು ಒಂದು ಗಂಟೆ ಕೂತಿದ್ದೆ, ಎದ್ದು ಬರುವಾಗ ಕಾಣದಿದ್ದರೂ ಪರವಾಗಿಲ್ಲ ಅನ್ನಿಸಿತು ಎಂದಳು. ಸಾವಿರ ದೇವರುಗಳ ಸಾಲಿರುವ ಉದ್ದನೆಯ ಮರದ ಮಂದಿರದಲ್ಲಿ ವೀಣೆಯಂಥದ್ದನ್ನು ಹಿಡಿದು ನಿಂತ ದೇವತೆಯೊಬ್ಬಳಿದ್ದಳು. ಕೆಳಗೆ ಹೆಸರು ಓದಿದರೆ ನಮ್ಮ ಸರಸ್ವತಿ! "ಅಷ್ಟು ದೂರದಲ್ಲಿ ನಮ್ಮ ಬೀದಿಯವರೇ ಸಿಕ್ಕ ಹಾಗಾಯ್ತು. ಅಲ್ಲೇ ನಿಂತು ಅತ್ತುಬಿಟ್ಟೆ," ಎಂದಳು. ಒಬ್ಬ ಮುದುಕರು ಪಾಚಿಯ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ, ಮಲಗಿದ ಮಗುವಿನ ಮೇಲಿಂದ ನೊಣ ಓಡಿಸುವಷ್ಟು ಮೆತ್ತಗೆ ಗುಡಿಸುತ್ತಿದ್ದರು. ಗುಡಿಸುವುದೇ ಅವರ ಪೂಜೆಯಿರಬೇಕು ಅನ್ನಿಸಿತ್ತು. ಪಕ್ಕದ ಊರಿನಲ್ಲಿ ಜಿಂಕೆಗಳು ಬೀದಿಯಲ್ಲೇ ಓಡಾಡುತ್ತವೆ, ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ.

ಸಮೋಸದ ಕಡೆ ಹೊರಟವರು ಅರ್ಧಕ್ಕೇ ನಿಂತಿದ್ದರು.

ಮೊದಲು ಎಚ್ಚರವಾದದ್ದು ಧಾರವಾಡದ ಚನ್ನಬಸವ್ವನಿಗೆ. "ಅಲ್ಲ ತಂಗಿ, ಜಿಂಕಿ ನಮಸ್ಕಾರ ಮಾಡ್ತಾವಾ? ಲೀಡ್ಸಿನ್ಯಾಗ?"

ವಿಶಾಲಾಕ್ಷಿಗೆ ತಾನೆಲ್ಲಿದ್ದೇನೆಂದು ಆಗ ನೆನಪಾಯಿತು. "ಹೌ... ಹೌದು ಚನ್ನಬಸವ್ವ."

"ಇಲ್ಲಿ ನಮ್ಮ ಮೊಮ್ಮಕ್ಕಳು ಮಾಡವಲ್ವು ನೋಡ್ರಿ!"

"ಆ ಹದಿನೈದನೇ ಕಲ್ಲು ಕಾಣೋದೇ ಇಲ್ಲ ಅಂದ್ರಲ್ಲ," ಎಂದರು ಅಶ್ವತ್ಥನಾರಾಯಣರು ಕಳವಳದಿಂದ, "ಅಲ್ಲಿಯ ಕೌನ್ಸಿಲ್‌ಗೆ ಒಂದು ಮಾತು ಹೇಳಬೇಕಿತ್ತು. ಸ್ವಲ್ಪ ಸರಿಸಿ ಇಡ್ತಿದ್ರು."

ಹಿಂದಿನ ಸಾಲಿನಲ್ಲಿ ಕೂತಿದ್ದ ಶಿಶಿರ್ ಫೋನಿನಿಂದ ತಲೆಯೆತ್ತಿದ. ಬೆಂಗಳೂರಿನಿಂದ ಬಂದು ಐಟಿಯಲ್ಲಿದ್ದವನು. ಯಾರು ಏನು ಹೇಳಿದರೂ ಹುಡುಕಿ ನೋಡುವುದು ಅವನ ಚಟ.

"ಆಂಟಿ, ಮ್ಯಾಪಲ್ಲಿ ಬರ್ತಾನೇ ಇಲ್ಲ. ಲೀಡ್ಸ್ ಸುತ್ತ ಐವತ್ತು ಮೈಲಿ ನೋಡ್ದೆ. ಸಾವಿರ ದೇವರಿರೋ ಟೆಂಪಲ್ ಅಂದ್ರೆ ಒಂದು ರಿವ್ಯೂ ಆದ್ರೂ ಇರ್ಬೇಕಲ್ವಾ? ಕರೆಕ್ಟಾಗಿ ಎಲ್ಲಿ ಆಂಟಿ?"

ಎಲ್ಲರ ಕಣ್ಣೂ ಅವಳ ಮೇಲೆ ನೆಟ್ಟಿತು. ಇನ್ನು ಸಾಧ್ಯವಿಲ್ಲ ಅನ್ನಿಸಿತು ವಿಶಾಲಾಕ್ಷಿಗೆ. ರಾಯರ ಕಾಲಿಗೆ ಬಿದ್ದಾದರೂ ನಿಜ ಹೇಳಿಬಿಡುವುದೇ ಸರಿ. ಮೈಕನ್ನು ಬಾಯಿಯ ಹತ್ತಿರ ತಂದಳು.

"ಅದು ಮ್ಯಾಪಿನಲ್ಲಿ ಬರುವುದಿಲ್ಲ ಮಾರಾಯಾ!"

ಕಿಟಕಿಯ ಪಕ್ಕದಿಂದ ಎದ್ದು ನಿಂತವಳು ಟ್ರೀಸಾ. ಉಡುಪಿ ಕಡೆಯವಳು, ಗಂಡ ರೋಬರ್ಟ್ ಜೊತೆ ಏರ್‌ಪೋರ್ಟ್ ಪಕ್ಕದ ಫೆಲ್ಥಮ್‌ನಿಂದ ತಪ್ಪದೆ ಸಭೆಗೆ ಬರುತ್ತಿದ್ದಳು. ವಿಮಾನ ನಿಲ್ದಾಣದಲ್ಲಿ ನಡೆಯಲಾರದವರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುವ ಕೆಲಸ ಅವಳದು.

"ನಾನು ಹೋಗಿದ್ದೇನೆ," ಎಂದಳು ಟ್ರೀಸಾ ಗಟ್ಟಿಯಾಗಿ. "ಅದು ಪ್ರೈವೇಟ್ ಜಾಗ. ಸನ್ಯಾಸಿಗಳಿಗೆ ಗಲಾಟೆ ಆಗ್ತದೆ ಅಂತ ಮ್ಯಾಪಿನಲ್ಲಿ ಹಾಕ್ಲಿಕ್ಕೆ ಬಿಡುವುದಿಲ್ಲ. ವಿಶಾಲಕ್ಕ ಹೇಳಿದ್ದು ಪೂರಾ ಸತ್ಯ. ಜಿಂಕೆ ನನಗೂ ನಮಸ್ಕಾರ ಮಾಡಿದೆ."

ಹಾಲಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಇಬ್ಬರು ಕಂಡದ್ದು ಸುಳ್ಳಾಗುವುದುಂಟೇ? ಶಿಶಿರ್ ಫೋನು ಜೇಬಿಗಿಟ್ಟ. ಅಶ್ವತ್ಥನಾರಾಯಣರಂತೂ ಎದ್ದೇ ನಿಂತರು.

"ಬಸ್ಸು ಮಾಡೋಣ!"

"ಈಗ ಸಾಧ್ಯವಿಲ್ಲ ರಾಯರೇ," ಎಂದಳು ಟ್ರೀಸಾ. "ಹೊರಗಿನವರಿಗೆ ತೆರೆಯುವುದು ನವೆಂಬರ್ ಕೊನೆಯ ಶನಿವಾರ ಮಾತ್ರ. ಆಗ ಎಲೆಯೆಲ್ಲ ಕೆಂಪಾಗಿ ನೋಡ್ಲಿಕ್ಕೆ ಚಂದ ಉಂಟು."

"ನವೆಂಬರ್ ಕೊನೆಯ ಶನಿವಾರ! ಐವತ್ತು ಸೀಟಿನ ಬಸ್ಸು! ದಾರಿ ತೋರಿಸೋಕೆ ವಿಶಾಲಮ್ಮ!"

ಚಪ್ಪಾಳೆ ಬಿತ್ತು. ಚನ್ನಬಸವ್ವ ಆಗಲೇ ಎಷ್ಟು ಜನಕ್ಕೆ ಎಷ್ಟು ಜೋಳದ ರೊಟ್ಟಿ ಎಂದು ಬೆರಳು ಮಡಿಸತೊಡಗಿದ್ದಳು. ಹೆಸರು ಬರೆಯುವ ಹಾಳೆ ಸಾಲಿನಿಂದ ಸಾಲಿಗೆ ಓಡಿತು. ಅದು ವಿಶಾಲಾಕ್ಷಿಯ ಕೈಗೆ ಬಂದಾಗ ನಲವತ್ತೊಂದು ಹೆಸರುಗಳಿದ್ದವು.

ಅವಳು ನೇರ ಅಡುಗೆಕೋಣೆಗೆ ನಡೆದಳು. ಟ್ರೀಸಾ ಅಲ್ಲಿ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು.

"ಟ್ರೀಸಾ," ವಿಶಾಲಾಕ್ಷಿ ಬಾಗಿಲು ಹಾಕಿ ಪಿಸುಗುಟ್ಟಿದಳು, "ನಿಜವಾಗ್ಲೂ ಲೀಡ್ಸಿನಲ್ಲಿ ಅಂಥ ಗುಡಿ ಇದೆಯಾ?"

"ಎಂತದು ಇಲ್ಲ ವಿಶಾಲಕ್ಕ!" ಟ್ರೀಸಾ ಸೋಪಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ನೀವು ಟೋಕಿಯೋ ವಿಮಾನದಿಂದ ಇಳಿದ ದಿನ ನಾನು ಅದೇ ಗೇಟಿನಲ್ಲಿ ಒಬ್ಬ ಅಜ್ಜನಿಗೆ ಕುರ್ಚಿ ಹಿಡ್ಕೊಂಡು ನಿಂತಿದ್ದೆ. ಕರೆಯುವ ಅಂತಿದ್ದೆ. ಆದ್ರೆ ನಿಮ್ಮ ಮುಖ ನೋಡಿ ಸುಮ್ಮನಾದೆ. ಅಷ್ಟು ಸಮಾಧಾನದ ಮುಖ ನಾನು ಆ ಏರ್‌ಪೋರ್ಟಿನಲ್ಲಿ ಹದಿನಾಲ್ಕು ವರ್ಷದಲ್ಲಿ ನೋಡಿಲ್ಲ. ಯಾರಿಗೂ ಹೇಳ್ಳಿಲ್ಲ."

ವಿಶಾಲಾಕ್ಷಿಯ ಕಣ್ಣು ತುಂಬಿಬಂತು. "ಆದ್ರೆ ಇವತ್ತು ಯಾಕೆ ಅಷ್ಟು ದೊಡ್ಡ ಸುಳ್ಳು ಹೇಳಿದಿರಿ?"

"ನೀವು ನಿಜ ಹೇಳಿದ್ರೆ ಈ ನಲವತ್ತು ಜನವೂ ಜಪಾನಿಗೇ ಹೊರಡ್ತಿದ್ರು. ಈಗ ಲೀಡ್ಸಿಗೆ ಹೋಗ್ತಾರೆ. ಜಪಾನಿನ ದೇವರುಗಳಾದ್ರೂ ಆರಾಮ ಇರ್ಲಿ." ಟ್ರೀಸಾ ಕೈ ಒರೆಸಿಕೊಂಡು ಹತ್ತಿರ ಬಂದಳು. "ನಂಗೆ ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಯಾವ ಗುಡಿ, ಯಾವ ರೈಲು, ಎಷ್ಟು ಗಂಟೆಗೆ ಹೋದ್ರೆ ಜನ ಇರುವುದಿಲ್ಲ, ಎಲ್ಲ ಬರೆದು ಕೊಡ್ತೀರಾ? ನಿಮ್ಮ ಮಾತು ಕೇಳ್ತಾ ಕೂತಲ್ಲಿಯೇ ಟಿಕೆಟ್ ಮಾಡಿಬಿಟ್ಟೆ. ನವೆಂಬರ್ ಕೊನೆಯ ವಾರ."

ವಿಶಾಲಾಕ್ಷಿಗೆ ಎಲ್ಲ ಹೊಳೆಯಿತು. ಇವಳಿಗೂ ಜೊತೆ ಬೇಕು. ಒಂದು ಕ್ಷಣ ಮನಸ್ಸು ಮುದುಡಿತು. ಆ ಜಗಲಿಯಲ್ಲಿ ಪಕ್ಕದಲ್ಲಿ ಇನ್ನೊಬ್ಬರು. ಆಮೇಲೆ, ಮುಖ ನೋಡಿಯೇ ಅರ್ಥಮಾಡಿಕೊಂಡು ಒಂದು ತಿಂಗಳು ಬಾಯಿ ಬಿಡದ ಹೆಂಗಸು ಹದಿನಾಲ್ಕು ಕಲ್ಲುಗಳ ಮುಂದೆಯೂ ಬಾಯಿ ಬಿಡಲಾರಳು ಅನ್ನಿಸಿತು. ಕೆಂಪು ಎಲೆಗಳ ಕಾಲ ಬೇರೆ. ಬಸ್ಸಿನಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು?

"ಬರೆದು ಯಾಕೆ ಕೊಡಬೇಕು ಟ್ರೀಸಾ," ಎಂದಳು ಅವಳ ಕೈ ಹಿಡಿದು. "ನಾನೂ ಇವತ್ತೇ ಟಿಕೆಟ್ ಮಾಡ್ತೀನಿ. ಇಬ್ಬರೂ ಒಟ್ಟಿಗೇ ಹೋಗೋಣ."

ಟ್ರೀಸಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಒಟ್ಟಿಗೆ ಎಂತಕ್ಕೆ ವಿಶಾಲಕ್ಕ? ನೀವು ಹೇಳಿದ್ದು ಕೇಳಿದ ಮೇಲೆ ಗೊತ್ತಾಯ್ತು, ಅಲ್ಲಿಗೆ ಒಬ್ಬಳೇ ಹೋಗ್ಬೇಕು. ಮತ್ತೆ ಆ ಶನಿವಾರ ನಿಮ್ಗೆ ಪುರುಸೊತ್ತು ಎಲ್ಲುಂಟು? ಲೀಡ್ಸಿನಲ್ಲಿ ಅಷ್ಟು ಜನಕ್ಕೆ ಗುಡಿ ತೋರಿಸ್ಬೇಕಲ್ಲ!"

ಹೊರಗೆ ಹಾಲಿನಲ್ಲಿ ಅಶ್ವತ್ಥನಾರಾಯಣರು ಬಸ್ಸಿನ ಕಂಪನಿಯವರ ಜೊತೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು.

ಬಾಗಿಲ ತನಕ ಹೋದ ಟ್ರೀಸಾ ಏನೋ ನೆನಪಾದವಳಂತೆ ತಿರುಗಿದಳು.

"ನಮ್ಮ ರೋಬರ್ಟ್ ಹೆಸರೂ ಬರೆಸಿದ್ದೇನೆ. ಅವರಿಗೆ ಬಸ್ಸಿನಲ್ಲಿ ವಾಂತಿ ಆಗ್ತದೆ, ಮುಂದಿನ ಸೀಟು ಕೊಡಿ ಆಯ್ತಾ?"